ಹೆಡ್‌ಮಿಸ್ಸಿನ ಫೋಟೊ ಸಿಕ್ಕಿತು

ನನ್ನ ಹೊಲಿಗೆ ಅಂಗಡಿಯಲ್ಲಿ ಆಳೆತ್ತರದ ಒಂದು ಕನ್ನಡಿ ಇದೆ. ಬೇರೆ ಊರಿನಿಂದ ಯಾರಾದರೂ ರವಿಕೆ ಹೊಲಿಸಲು ಬಂದರೆ ಬೇಕಾಗುತ್ತದೆ ಎಂದು ಇಟ್ಟಿದ್ದೇನೆ. ನಮ್ಮೂರಿನವರಿಗೆ ಅದರಲ್ಲಿ ಗೋಡೆ ಕಾಣುತ್ತದೆ, ಗೋಡೆಯ ಮೇಲಿನ ಕ್ಯಾಲೆಂಡರ್ ಕಾಣುತ್ತದೆ, ಎದುರಿನ ಬೇಕರಿಯ ಬೋರ್ಡು ಉಲ್ಟಾ ಕಾಣುತ್ತದೆ. ಅವರು ಮಾತ್ರ ಕಾಣುವುದಿಲ್ಲ. ಬಾವಿಯಲ್ಲೂ ಅಷ್ಟೇ, ತಿಕ್ಕಿ ತೊಳೆದ ತಂಬಿಗೆಯಲ್ಲೂ ಅಷ್ಟೇ. ಪರವೂರಿಗೆ ಹೋದರೂ ಏನೂ ಬದಲಾಗುವುದಿಲ್ಲ. ಯಾವುದಾದರೂ ಹೋಟೆಲಿನಲ್ಲಿ ಕೈ ತೊಳೆಯುವ ಕಡೆ, ಅಷ್ಟು ದೊಡ್ಡ ಕನ್ನಡಿ ಎದುರಿಗಿದ್ದರೂ ಪಕ್ಕದವರನ್ನು ಹಿಡಿದು "ನನ್ನ ಮುಖ ಸ್ವಲ್ಪ ಹೇಳ್ತೀರಾ" ಎಂದು ಯಾರಾದರೂ ಕೇಳುತ್ತಿದ್ದರೆ ಅವರು ನಮ್ಮೂರಿನವರು ಎಂದು ತಿಳಿದುಕೊಳ್ಳಬಹುದು.

ಹಾಗಂತ ನಾವೇನೂ ತಲೆ ಮೇಲೆ ಕೈ ಹೊತ್ತು ಕೂತಿಲ್ಲ. ಒಬ್ಬರ ಮುಖ ಒಬ್ಬರು ಹೇಳುತ್ತೇವೆ. ಬೆಳಿಗ್ಗೆ ಸ್ನಾನ ಮುಗಿಸಿ ಮನೆಯವರ ಎದುರು ನಿಂತು "ಮುಖ ಹೇಳಿ" ಅನ್ನುವುದು. ಅವರು "ಕುಂಕುಮ ಚೂರು ಎಡಕ್ಕೆ ಹೋಗಿದೆ, ಕಿವಿ ಹಿಂದೆ ಸೋಪು ಉಳಿದಿದೆ, ಬಾಕಿ ಸರಿ" ಅನ್ನುವುದು. ಗಂಡ ಹೆಂಡತಿ ಜಗಳವಾಡಿದರೆ ನಮ್ಮಲ್ಲಿ ಅಡುಗೆ ನಿಲ್ಲುವುದಿಲ್ಲ, ಮುಖ ಹೇಳುವುದು ನಿಲ್ಲುತ್ತದೆ. ಗಲ್ಲದ ಮೇಲೆ ಕ್ಷೌರದ ನೊರೆ ಒಣಗಿಸಿಕೊಂಡೇ ಒಬ್ಬ ಆಫೀಸಿಗೆ ಬಂದ ಎಂದರೆ ಮನೆಯಲ್ಲಿ ಏನೋ ಆಗಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಯಾರೂ ಒರೆಸಿಕೋ ಅನ್ನುವುದಿಲ್ಲ. ಮನೆಯವರು ಹೇಳದ ಮುಖವನ್ನು ಹೊರಗಿನವರು ಹೇಳುವುದು ಮರ್ಯಾದೆಯಲ್ಲ.

ಫೋಟೊದಲ್ಲಿ ಮುಖ ಬರುತ್ತದೆ, ನಿಜ. ಆದರೆ ಸುಮ್ಮಸುಮ್ಮನೆ ಫೋಟೊ ತೆಗೆಸಿಕೊಂಡವರಿಗೆ ಮುಖದ ಹುಚ್ಚು ಹಿಡಿದಿದೆ ಎಂದು ಜನ ಆಡಿಕೊಳ್ಳುತ್ತಾರೆ. ಮದುವೆಗೊಂದು, ಕೆಲಸಕ್ಕೆ ಅರ್ಜಿ ಹಾಕುವಾಗೊಂದು, ಅಲ್ಲಿಗೆ ಮುಗಿಯಿತು. ಆಮೇಲೆ ನಮ್ಮ ಮುಖ ಏನಾಯಿತು, ಎಲ್ಲಿಗೆ ಬಂತು ಎನ್ನುವುದೆಲ್ಲ ಮನೆಯವರ ಬಾಯಲ್ಲಿರುತ್ತದೆ. ಮನೆಯವರು ಹೇಳುವುದೆಲ್ಲ ಸತ್ಯ ಎಂದು ನಂಬುವಷ್ಟು ದಡ್ಡರು ನಾವಲ್ಲ. ಅದಕ್ಕೇ ಬಸ್‌ಸ್ಟ್ಯಾಂಡಿನಲ್ಲಿ ಮುರಿಗೆಪ್ಪನವರು ಕೂರುತ್ತಿದ್ದದ್ದು.

ಮುರಿಗೆಪ್ಪನವರ ಉದ್ಯೋಗವೇ ಮುಖ ಹೇಳುವುದು. ಇಂಟರ್‌ವ್ಯೂಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಕೋರ್ಟಿಗೆ ಹೋಗುವವರು ಬಸ್ಸು ಹತ್ತುವ ಮೊದಲು ಅವರ ಎದುರು ಕೂತು ಎದ್ದು ಹೋಗುತ್ತಿದ್ದರು. ಅವರದು ದಾಕ್ಷಿಣ್ಯವಿಲ್ಲದ ಬಾಯಿ. "ಹಲ್ಲಲ್ಲಿ ಕೊತ್ತಂಬರಿ ಇದೆ. ಕಣ್ಣು ನೋಡಿದ್ರೆ ಸುಳ್ಳು ಹೇಳೋಕೆ ಹೊರಟಿರೋ ಹಾಗಿದೆ, ಕೋರ್ಟಲ್ಲಿ ನೆಲ ನೋಡ್ಕೊಂಡು ಮಾತಾಡು" ಅನ್ನುವಂಥ ಬಾಯಿ. ಹೇಳಿಸಿಕೊಂಡವರು ಬೈದುಕೊಂಡೇ ಹೋಗುತ್ತಿದ್ದರು, ಮುಂದಿನ ಸಲ ಅವರ ಹತ್ತಿರವೇ ಬರುತ್ತಿದ್ದರು. ಮುರಿಗೆಪ್ಪನವರು ಹೇಳಿದ ಮೇಲೆ ಆಯಿತು, ಅದರ ಮೇಲೆ ಮಾತಿಲ್ಲ ಎಂದು ಇಡೀ ಊರು ನಂಬಿತ್ತು.

ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಅವರ ಹೆಂಡತಿ ಸರ್ವಮಂಗಳಮ್ಮ. ನಮ್ಮ ಶಾಲೆಯ ಹೆಡ್‌ಮಿಸ್ಸು. ನನಗೂ ನಾಲ್ಕನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದವರು. ಹುಬ್ಬು ಗಂಟು, ತುಟಿ ಬಿಗಿ, ಕಾರಿಡಾರಿನಲ್ಲಿ ಅವರು ಬರುತ್ತಿದ್ದರೆ ಗದ್ದಲ ತಾನಾಗಿ ಅಡಗುತ್ತಿತ್ತು. ಒಂದೇಟು ಹೊಡೆದವರಲ್ಲ, ಗದರಿಸಿದವರೂ ಅಲ್ಲ, ಅವರ ಮಾತು ಬೆಣ್ಣೆ. ಆದರೆ ಆ ಮುಖ ನೋಡಿಯೇ ನನಗೆ ಪದ್ಯ ಮರೆತುಹೋಗುತ್ತಿತ್ತು. ತಮಾಷೆಯೆಂದರೆ ಮಿಸ್ಸು ತಮ್ಮದು ನಗುಮುಖ ಎಂದೇ ತಿಳಿದಿದ್ದರು. ಮದುವೆಯ ಫೋಟೊದಲ್ಲಿ ಹಲ್ಲು ಬಿಟ್ಟು ನಕ್ಕಿದ್ದಾರೆ, ಅದೊಂದು. ದಿನಾ ಬೆಳಿಗ್ಗೆ ಮುರಿಗೆಪ್ಪನವರು ಅವರನ್ನು ನೋಡಿ "ಎಲ್ಲ ಸರಿ ಇದೆ. ಮದುವೆ ಮಂಟಪದಲ್ಲಿ ಹೆಂಗಿದ್ದೆಯೋ ಹಂಗೇ ನಗುಮುಖ" ಅನ್ನುತ್ತಿದ್ದರು, ಇದು ಇನ್ನೊಂದು. ಮುಖ ತಾನೇ ನಗುತ್ತಿದೆ ಎಂದಮೇಲೆ ಮಿಸ್ಸು ಬೇರೆ ಯಾಕೆ ನಗುವ ಕಷ್ಟ ತೆಗೆದುಕೊಳ್ಳಬೇಕು? ಮಕ್ಕಳು ತಲೆತಗ್ಗಿಸಿ ನಿಂತರೆ ಗುರುಗಳೆಂಬ ಭಯಭಕ್ತಿ ಎಂದುಕೊಂಡು ಸಂತೋಷಪಡುತ್ತಿದ್ದರು.

ನಾನು ಹೇಳುತ್ತಿರುವುದು ಮೊಬೈಲು ಇನ್ನೂ ಬರೀ ಮಾತಾಡಲು ಮಾತ್ರ ಇದ್ದ ಕಾಲದ ಕಥೆ. ಶಾಲೆಗೆ ಐವತ್ತು ವರ್ಷ ತುಂಬಿತು. ಆಫೀಸಿನ ಗೋಡೆಯ ಮೇಲೆ ಹಿಂದಿನ ಹೆಡ್‌ಮಾಸ್ತರರೆಲ್ಲ ಸಾಲಾಗಿ ಇದ್ದರು, ಈಗ ಸರ್ವಮಂಗಳಮ್ಮನವರದೂ ಒಂದು ದೊಡ್ಡ ಫೋಟೊ ಬರಲಿ ಎಂದು ಕಮಿಟಿ ತೀರ್ಮಾನಿಸಿತು. ಸಮಾರಂಭಕ್ಕೆಂದು ರವಿಕೆ ಅಳತೆ ಕೊಡಲು ಬಂದ ಮಿಸ್ಸು ನನ್ನ ಹತ್ತಿರ ಮನಸ್ಸು ಬಿಚ್ಚಿದರು.

"ವನಜಾ, ಈ ವಯಸ್ಸಲ್ಲಿ ಇವಳಿಗೆ ಮುಖದ ಹುಚ್ಚು ಅನ್ಕೋಬೇಡ. ಮುಂದಿನ ವರ್ಷ ರಿಟೈರ್ ಆಗ್ತೀನಿ. ಇಷ್ಟು ವರ್ಷ ಮಕ್ಕಳ ಮುಂದೆ ಯಾವ ಮುಖ ಇಟ್ಕೊಂಡು ನಿಂತಿದ್ದೆ ಅಂತ ಒಂದು ಸಲ ಕಣ್ಣಾರೆ ನೋಡ್ಬೇಕು ಅನ್ಸುತ್ತೆ."

"ಯಜಮಾನ್ರು ಹೇಳ್ತಾರಲ್ಲ ಮಿಸ್ಸೇ."

"ಹೇಳ್ತಾರೆ, ನಗುಮುಖ ಅಂತ. ಅವ್ರು ಸುಳ್ಳು ಹೇಳೋರಲ್ಲ ಅಂತ ನಿಂಗೂ ಗೊತ್ತಲ್ಲ. ಆದ್ರೂ ನೋಡ್ಬೇಕು ಕಣೆ."

ನನ್ನ ಬಾಯಲ್ಲಿ ಪುಣ್ಯಕ್ಕೆ ಗುಂಡುಸೂಜಿಗಳಿದ್ದವು. ಹೂಂ ಎಂದಷ್ಟೇ ಹೇಳಿ ತೋಳಿನ ಅಳತೆ ತೆಗೆದುಕೊಂಡೆ.

ಫೋಟೊ ತೆಗೆದವನು ನನ್ನ ಪಕ್ಕದ ಅಂಗಡಿಯ ದತ್ತೋಜಿ. ಅವನ ಸ್ಟುಡಿಯೋಕ್ಕೂ ನನ್ನ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ಡಿನ ಗೋಡೆ, ಹಾಗಾಗಿ ಅವನ ಸಂಸಾರ ವ್ಯಾಪಾರ ಎರಡೂ ನನಗೆ ಬಾಯಿಪಾಠ. ಆಗಷ್ಟೇ ರೀಲಿನ ಕ್ಯಾಮೆರಾ ಮಾರಿ ಡಿಜಿಟಲ್ ಕ್ಯಾಮೆರಾ ತಂದಿದ್ದ. ಉಗುರಿಗಿಂತ ಸ್ವಲ್ಪ ದೊಡ್ಡದಾದ ಮೆಮೊರಿ ಕಾರ್ಡು ತೋರಿಸಿ "ಇಡೀ ಊರು ಇದರೊಳಗೆ ಕೂರುತ್ತೆ ವನಜಕ್ಕ" ಎಂದು ಮೆರೆದಿದ್ದ. ಕೂರಿಸಿದ ಕೂಡ. ಸಮಾರಂಭದ ದಿನ ಮಕ್ಕಳು, ಮೇಷ್ಟರುಗಳು, ಎಲ್ಲೆಲ್ಲಿಂದಲೋ ಬಂದ ಹಳೆಯ ವಿದ್ಯಾರ್ಥಿಗಳು, ಅವರ ಜೊತೆ ಬಂದ ಅತ್ತೆ ನಾದಿನಿಯರು, ಎಲ್ಲರ ಮುಖವನ್ನೂ ಒಂದೊಂದಾಗಿ ಹಿಡಿದ. ಊರಿಗೇ ಅವತ್ತು ಮುಖದ ಹುಚ್ಚು ಹಿಡಿದಿತ್ತು, ಶಾಲೆಯ ನೆಪದಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವ ಹಾಗಿರಲಿಲ್ಲ.

ಸಂಜೆ ಪ್ಲೈವುಡ್ಡಿನ ಆಚೆ ದತ್ತೋಜಿ "ಅಯ್ಯಯ್ಯೋ" ಅಂದದ್ದು ಕೇಳಿಸಿತು. ಹೋಗಿ ನೋಡಿದರೆ ಕಂಪ್ಯೂಟರಿನ ಮುಂದೆ ಬೆವತು ಕೂತಿದ್ದಾನೆ. ಅವಸರದಲ್ಲಿ ಕ್ಯಾಮೆರಾ ಆಫ್ ಮಾಡದೆ ಕಾರ್ಡು ಕಿತ್ತಿದ್ದನಂತೆ. ಕಂಪ್ಯೂಟರಿಗೆ ಹಾಕಿದರೆ, ಈ ಕಾರ್ಡು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿತಂತೆ.

"ನೀನೇನು ಮಾಡ್ದೆ?"

"ಹೂಂ ಅಂತ ಒತ್ತಿದೆ."

"ಏನು ಅಂತ ಗೊತ್ತಿಲ್ದೆ ಯಾಕೋ ಒತ್ತಿದೆ?"

"ಅಷ್ಟು ಮರ್ಯಾದೆಯಿಂದ ಕೇಳ್ತಲ್ಲ ವನಜಕ್ಕ, ಬೇಡ ಅನ್ನೋದು ಹೆಂಗೆ?"

ಕಾರ್ಡು ಖಾಲಿ. ಮಾರನೆಯ ದಿನ ಊರು ದತ್ತೋಜಿಯ ಅಂಗಡಿ ಮುಂದೆ ಸೇರಿತು. ಜೀವಮಾನದಲ್ಲಿ ಮೊದಲ ಸಲ ಯಾವ ಅಳುಕೂ ಇಲ್ಲದೆ ಮುಖ ನೋಡಿಕೊಳ್ಳಬಹುದು ಎಂದು ಕಾದಿದ್ದ ಜನ. ಬೈದರು, ಶಪಿಸಿದರು, ಒಬ್ಬಾಕೆ ಕೂತು ಅತ್ತೇಬಿಟ್ಟಳು. ಹೆಡ್‌ಮಿಸ್ಸು ಮಾತ್ರ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದು ವಾಪಸು ಹೋದರು.

ಜನ ಕರಗಿದ ಮೇಲೆ ಮುರಿಗೆಪ್ಪನವರು ಬಂದರು. ನಾನು ಹೊಲಿಗೆ ಮಷೀನಿನ ಮೇಲಿಂದ ಕಾಲು ತೆಗೆದೆ. ಕದ್ದು ಕೇಳಿದೆ ಎಂದು ಯಾರೂ ಅನ್ನಬಾರದು, ಮಷೀನು ಓಡದಿದ್ದರೆ ಆ ಗೋಡೆಯಲ್ಲಿ ಉಸಿರಾಡುವುದೂ ಕೇಳುತ್ತದೆ.

"ಹೋಗಿದ್ದು ಹೋಯ್ತು ಬಿಡಯ್ಯ ದತ್ತೋಜಿ. ಯಾಕೆ ತಲೆ ಕೆಡಿಸ್ಕೊಂತೀಯ?"

"ಬಿಡೋಕಾಗಲ್ಲ ಯಜಮಾನ್ರೇ. ಜಿಲ್ಲಾ ಕೇಂದ್ರದಲ್ಲಿ ಫಯಾಜ್ ಅಂತ ಇದಾನೆ, ಹೋದ ಫೋಟೊ ವಾಪಸ್ ತೆಗೀತಾನಂತೆ. ಕಾರ್ಡಿಗೆ ಇನ್ನೇನೂ ತುಂಬಬೇಡ, ಹಂಗೇ ತಗೊಂಬಾ ಅಂದಿದಾನೆ."

ಮುರಿಗೆಪ್ಪನವರು ದನಿ ತಗ್ಗಿಸಿದರು. "ಎಲ್ಲಾ ಬರ್ಲಿ. ನಮ್ಮನೆಯವಳದು ಒಂದು ಸಿಗ್ಲಿಲ್ಲ ಅಂದ್ಬಿಡು. ಅವಳು ನೋಡ್ಕೊಂಡ್ರೆ ನಾನು ಸತ್ತಂಗೆ."

ಊರಿಗೆಲ್ಲ ಸತ್ಯ ಹೇಳುವ ಮನುಷ್ಯ ಒಂದು ಸುಳ್ಳಿಗಾಗಿ ಅಂಗಲಾಚುತ್ತಿದ್ದರು. ದತ್ತೋಜಿ ಪಾಪದವನು, ಹೂಂ ಅನ್ನುವುದು ಅವನ ಹುಟ್ಟುಗುಣ. ಫೋಟೊ ಬಂದ ತಕ್ಷಣ ಮೊದಲು ನಿಮಗೇ ಹೇಳಿಕಳಿಸುತ್ತೇನೆ, ನೀವೇ ಎತ್ತಿಟ್ಟುಕೊಳ್ಳಿ ಎಂದ.

ಫಯಾಜ್ ಫೋಟೊಗಳನ್ನು ತೆಗೆದ. ತಾನೇ ಪ್ರಿಂಟು ಹಾಕಿಸಿಕೊಂಡು ಖುದ್ದಾಗಿ ಬಂದ, ಇಷ್ಟು ಗಾಬರಿಬಿದ್ದ ಊರು ಯಾವುದು ಎಂದು ನೋಡಬೇಕಿತ್ತಂತೆ. ಬಾಯಿತುಂಬ ಮಾತಾಡುವ ಮನುಷ್ಯ. "ಫಾರ್ಮ್ಯಾಟ್ ಅಂದ್ರೆ ಏನಿಲ್ಲ ಅಕ್ಕ. ಮನೆಗಳು ಹಂಗೇ ಇರ್ತವೆ, ಬಾಗಿಲ ಮೇಲಿನ ನಂಬರ್ ಅಳಿಸಿರ್ತಾರೆ. ನಾವು ಒಂದೊಂದೇ ಬಾಗಿಲು ಬಡಿದು ಕರೀಬೇಕು" ಎಂದು ನನಗೆ ತಿಳಿಸಿ ಹೇಳಿದ. ಕರೆದಾಗ ಬಂದವರು ಮಾತ್ರ ಒಂದು ಕ್ರಮದಲ್ಲಿ ಬಂದಿರಲಿಲ್ಲ. ಹೆಸರಿಲ್ಲ, ಸಾಲಿಲ್ಲ. ಎಷ್ಟೋ ಫೋಟೊಗಳಲ್ಲಿ ಕೊರಳಿನಿಂದ ಕೆಳಗೆ ಬರೀ ಬೂದುಬಣ್ಣ. ಸಾಲದ್ದಕ್ಕೆ, ದತ್ತೋಜಿ ಆ ಕಾರ್ಡಿನಿಂದ ಹಿಂದೆ ಯಾವಾಗಲೋ ಅಳಿಸಿಹಾಕಿದ್ದ ಯಾರದೋ ನಾಮಕರಣದ ನೆಂಟರೂ ಇವರ ಜೊತೆ ಎದ್ದು ಬಂದಿದ್ದರು. "ಅವರವರ ಮುಖ ಅವರವರು ಆರಿಸ್ಕೊಂಡ್ರೆ ಐದು ನಿಮಿಷದ ಕೆಲ್ಸ" ಎಂದ ಫಯಾಜ್. ನಾನೂ ದತ್ತೋಜಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವನ ಅಂಗಡಿಯಲ್ಲಿ ಜಾಗವಿಲ್ಲದೆ ಫೋಟೊಗಳನ್ನೆಲ್ಲ ನನ್ನ ಕಟಿಂಗ್ ಟೇಬಲ್ಲಿನ ಮೇಲೆ ಹರಡಿದೆವು. ದತ್ತೋಜಿ ಮುರಿಗೆಪ್ಪನವರಿಗೆ ಹೇಳಿಕಳಿಸಿದ. ಸುದ್ದಿ ಒಯ್ದ ಹುಡುಗ ಬಸ್‌ಸ್ಟ್ಯಾಂಡು ಮುಟ್ಟುವ ಮೊದಲೇ ಹೆಡ್‌ಮಿಸ್ಸು ಒಳಗೆ ಬಂದರು. ಜಿಲ್ಲೆಯ ಬಸ್ಸಿನಲ್ಲಿ ಫೋಟೊದವನು ಇಳಿದ ಸುದ್ದಿ ಶಾಲೆಗೆ ಹೋಗಿತ್ತು.

ಪದ್ಧತಿಯ ಪ್ರಕಾರ ಜೊತೆಗೆ ಬಂದ ಮನೆಯವರು ಇದು ನಿಮ್ಮದು ಎಂದು ತೋರಿಸಬೇಕು. ಮಿಸ್ಸು ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. "ನಾನೇ ಹುಡುಕ್ತೀನಿ. ಯಾರೂ ಹೇಳ್ಬೇಡಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಲೆಕ್ಕದ ಟೀಚರಂತೆ ಶಿಸ್ತಾಗಿ ಶುರು ಮಾಡಿದರು. ಗಂಡಸರನ್ನು ತೆಗೆದಿಟ್ಟರು, ಮಕ್ಕಳನ್ನು ತೆಗೆದಿಟ್ಟರು, ಗುರುತಿರುವ ಹೆಂಗಸರನ್ನೆಲ್ಲ ಹೆಸರು ಹೇಳಿ ತೆಗೆದಿಟ್ಟರು. ಗುರುತಿಲ್ಲದ ಮುಖ ನಮ್ಮದಿರಬೇಕು, ನಮ್ಮೂರಿನ ಲೆಕ್ಕ ಅದು. ಅಂಥವರಲ್ಲೂ ತಮ್ಮ ವಯಸ್ಸಿಗೆ ಹೊಂದದವರನ್ನು ಬದಿಗಿಟ್ಟರು. ಕೊನೆಗೆ ಅವರ ಮುಂದೆ ಎರಡು ಫೋಟೊ ಉಳಿದವು, ಎರಡರಲ್ಲೂ ಕೊರಳಿನಿಂದ ಕೆಳಗೆ ಬೂದುಬಣ್ಣ. ಒಂದರಲ್ಲಿ ಗುಂಡುಮುಖದ, ಕೆನ್ನೆಯಲ್ಲಿ ಗುಳಿಬಿದ್ದ ಹೆಂಗಸು ನಗುತ್ತಿದ್ದಳು. ಇನ್ನೊಂದರಲ್ಲಿ ಹೆಡ್‌ಮಿಸ್ಸು ಇದ್ದರು.

ಮಿಸ್ಸು ಗುಂಡುಮುಖದವಳನ್ನು ಎತ್ತಿಕೊಂಡರು. ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

"ನೋಡೇ ವನಜಾ. ಅವ್ರು ಹೇಳಿದ್ದು ಅಕ್ಷರಶಃ ನಿಜ. ಸ್ವಲ್ಪ ದಪ್ಪ ಆಗಿದೀನಿ, ಅಷ್ಟೇ."

ನಾಮಕರಣದ ನೆಂಟರಲ್ಲಿ ಯಾರೋ ಒಬ್ಬಳು. ಕೊರಳಿನ ಹತ್ತಿರ ರವಿಕೆಯ ಅಂಚು ಎಳೆಯಷ್ಟು ಕಾಣುತ್ತಿತ್ತು, ಅದರ ಕಟಿಂಗ್ ನನ್ನ ಕೈಯದಲ್ಲ. ಆದರೆ ಹೇಳಲು ನಾನು ಯಾರು? ಮನೆಯವರು ಹೇಳದ ಮುಖ. ಬಾಯಲ್ಲಿ ಗುಂಡುಸೂಜಿಯೂ ಇರಲಿಲ್ಲ, ಆದರೂ ಬಾಯಿ ತೆರೆಯಲಿಲ್ಲ. ದತ್ತೋಜಿಯಂತೂ "ಇದನ್ನೇ ದೊಡ್ಡದು ಮಾಡು, ಫ್ರೇಮು ತೇಗದ್ದಿರಲಿ" ಎಂದು ಮಿಸ್ಸು ಅಂದದ್ದಕ್ಕೆ ಹೂಂ ಎಂದೇಬಿಟ್ಟ. ಯಾವುದೋ ಊರಿನ ಯಾವುದೋ ಮಗುವಿನ ದೊಡ್ಡಮ್ಮ ನಮ್ಮ ಶಾಲೆಯ ಗೋಡೆ ಹತ್ತುವುದರಲ್ಲಿದ್ದಳು. ನಾವೆಲ್ಲ ಮರ್ಯಾದಸ್ಥರಾಗಿ ನೋಡುತ್ತ ನಿಂತಿದ್ದೆವು.

ಮಿಸ್ಸು ಅಷ್ಟಕ್ಕೇ ಹೋಗಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಹೊರಟವರು ಉಳಿದ ಫೋಟೊವನ್ನು ನೋಡಿ ನಿಂತರು. ಅದನ್ನು ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು.

"ಪಾಪ, ಯಾರಿದು? ನಮ್ಮ ಹಳೇ ವಿದ್ಯಾರ್ಥಿ ಇರ್ಬೇಕು. ನೋಡು, ಎಷ್ಟು ಬಿಗಿದುಕೊಂಡಿದಾಳೆ. ಈ ಮುಖ ಹೊತ್ಕೊಂಡು ದಿನಾ ಓಡಾಡ್ತಾಳಲ್ಲ, ಇವಳಿಗೆ ಮನೇಲಿ ಮುಖ ಹೇಳೋರು ಯಾರೂ ಇಲ್ಲ ಅನ್ಸುತ್ತೆ ಕಣೆ."

ನಾನು ಕತ್ತರಿ ನೋಡಿದೆ. ದತ್ತೋಜಿ ಸೂರು ನೋಡಿದ. ಫಯಾಜ್ ಬೇಕರಿಯಿಂದ ತರಿಸಿದ ಕಾಫಿ ಕುಡಿಯುತ್ತಿದ್ದವನು ಬಗ್ಗಿ ಫೋಟೊ ನೋಡಿದ, ಮಿಸ್ಸನ್ನು ನೋಡಿದ.

"ಏನ್ ಮೇಡಂ, ತಮಾಷೆ ಮಾಡ್ತೀರಾ? ಇದು ನೀವೇ ಅಲ್ವಾ?"

ಅದೇ ಹೊತ್ತಿಗೆ ಮುರಿಗೆಪ್ಪನವರು ಬಾಗಿಲಿಗೆ ಬಂದರು. ಏದುಸಿರು. ಅವರ ಹಿಂದೆಯೇ ಹೊಸ ಅಂಗಿ ತೊಟ್ಟ ಒಬ್ಬ ಗಂಡಸು. ಹೆಣ್ಣು ನೋಡಲು ಹೊರಟಿದ್ದವನಂತೆ, ಇವರು ಅವನ ಅರ್ಧ ಮುಖ ಹೇಳಿ ಎದ್ದು ಓಡಿಬಂದಿದ್ದರು, ಉಳಿದರ್ಧ ಕೇಳಲು ಅವನೂ ಬೆನ್ನುಹತ್ತಿದ್ದ. ಮಿಸ್ಸಿನ ಕೈಯಲ್ಲಿ ಫೋಟೊ ಕಂಡು ಇಬ್ಬರೂ ಹೊಸ್ತಿಲಲ್ಲೇ ನಿಂತರು.

ಮಿಸ್ಸು ನಮ್ಮ ಒಬ್ಬೊಬ್ಬರನ್ನೂ ನೋಡಿದರು. ಯಾರೂ ಅಲ್ಲ ಅನ್ನಲಿಲ್ಲ. ಗುಂಡುಮುಖದವಳನ್ನು ಮೆಲ್ಲಗೆ ಟೇಬಲ್ಲಿನ ಮೇಲೆ ಇಟ್ಟರು. ಇನ್ನೊಂದು ಫೋಟೊವನ್ನು ಗಂಡನ ಕಡೆ ಚಾಚಿದರು.

"ಹೇಳಿ."

"ಮಂಗಳಾ, ಮನೆಗೆ ನಡಿ."

"ಇಲ್ಲೇ ಹೇಳಿ. ಊರವರಿಗೆಲ್ಲ ಹೇಳ್ತೀರಲ್ಲ, ಹಂಗೆ ಹೇಳಿ."

ಮುರಿಗೆಪ್ಪನವರು ಫೋಟೊ ತೆಗೆದುಕೊಳ್ಳಲಿಲ್ಲ. ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಹೆಂಡತಿಯ ಎದುರಿಗೆ ಬಂದು ನಿಂತರು.

"ಹುಬ್ಬಿನ ನಡುವೆ ಎರಡು ಗೆರೆ ಇದೆ" ಅಂದರು. "ಎಡಗಡೆದು ಹಳೇದು. ನಿಮ್ಮಮ್ಮ ಆಸ್ಪತ್ರೆಲಿದ್ರಲ್ಲ, ಆ ವರ್ಷದ್ದು. ಬಲಗಡೆದು ಶಾಲೆ ಹೆಂಚು ಕುಸೀತಲ್ಲ, ಆಗಿಂದು. ಯಾವ ಮಗೂಗೂ ಏನೂ ಆಗ್ಲಿಲ್ಲ, ಆದ್ರೂ ನೀನು ಆ ಮಳೆಗಾಲ ಪೂರ್ತಿ ನಿದ್ದೆ ಮಾಡ್ಲಿಲ್ಲ. ತುಟಿ ಎರಡೂ ಕಡೆ ಕೆಳಗೆ ಇಳಿದಿದೆ. ಅದು ಯಾವಾಗ ಬಂತು ಅಂತ ನಂಗೂ ಗೊತ್ತಾಗ್ಲಿಲ್ಲ, ಒಂದಿನ ಬೆಳಿಗ್ಗೆ ನೋಡಿದೆ, ಬಂದಿತ್ತು. ಕಿವಿ ಹತ್ರ ಕೂದಲು ಬಿಳಿ. ಎಡಗೆನ್ನೆ ಮೇಲೆ ಒಂದು ಕಪ್ಪು ಮಚ್ಚೆ ಇದೆ, ಮದುವೇಲಿ ಇರ್ಲಿಲ್ಲ. ನಿಂಗೆ ಸಿಟ್ಟು ಬರದೇ ಇದ್ರೂ ಸಿಟ್ಟು ಬಂದಂಗೆ ಕಾಣ್ತೀಯ. ಮಕ್ಕಳು ಹೆದರ್ಕೊಂತಾರೆ."

ಅಲ್ಲಿಯವರೆಗೆ ಅಲುಗದೆ ನಿಂತಿದ್ದ ಮಿಸ್ಸು ಕೊನೆಯ ಮಾತಿಗೆ ಬೆಚ್ಚಿದರು. ನನ್ನ ಕಡೆ ತಿರುಗಿದರು.

"ವನಜಾ, ನೀನು ಹೆದರ್ತಿದ್ದೆಯಾ?"

ಸುಳ್ಳು ಹೇಳಬೇಕೆಂದು ಎಷ್ಟು ಆಸೆಯಾಯಿತೋ ನನಗೇ ಗೊತ್ತು. "ಹೂಂ ಮಿಸ್ಸೇ" ಅಂದೆ.

"ಅದು ಭಕ್ತಿ ಅನ್ಕೊಂಡಿದ್ದೆ." ಅವರ ದನಿ ತೀರಾ ಸಣ್ಣದಾಗಿತ್ತು. ಮತ್ತೆ ಗಂಡನ ಕಡೆ ತಿರುಗಿದರು. "ಒಂದು ಮಾತು ಹೇಳಿದ್ರೆ ನಕ್ಕಿರ್ತಿದ್ದೆನಲ್ಲ ರೀ. ಕಷ್ಟಪಟ್ಟಾದ್ರೂ ನಗ್ತಿದ್ದೆ. ಯಾಕೆ ಹೇಳ್ಲಿಲ್ಲ?"

"ದಿನಾ ಹೇಳ್ಬೇಕು ಅಂತಲೇ ಬಾಯಿ ತೆಗೀತಿದ್ದೆ. ನೀನು ಎದುರಿಗೆ ಬಂದು ನಿಂತು ಮುಖ ಎತ್ತಿ ಹಿಡೀತಿದ್ದೆ. ಆಗ್ತಿರ್ಲಿಲ್ಲ ಕಣೆ. ಊರವರಿಗೆ ಹೇಳೋದು ಸುಲಭ, ಅವ್ರು ಬಸ್ ಹತ್ತಿ ಹೋಗ್ತಾರೆ."

ಹೊಸ ಅಂಗಿಯವನು ಕೆಮ್ಮಿದ. ಹೊರಗೆ ಅವನ ಬಸ್ಸು ಹಾರ್ನು ಹಾಕಿಕೊಂಡು ಹೋಯಿತು, ಅವನು ಕದಲಲಿಲ್ಲ. ದತ್ತೋಜಿ ತಡವರಿಸುತ್ತ, ಬೇಕಾದರೆ ಇನ್ನೊಂದು ಸಲ ಕೂರಿ ಮಿಸ್ಸೇ, ನಗಿಸಿ ತೆಗೆಯುತ್ತೇನೆ ಎಂದ. ಮಿಸ್ಸು ಕೈಯಲ್ಲಿದ್ದ ಫೋಟೊವನ್ನು ಅವನಿಗೆ ಕೊಟ್ಟು, ಇದನ್ನೇ ಹಾಕು, ಮಕ್ಕಳು ನೋಡಿದ್ದು ಇವಳನ್ನೇ ಎಂದರು. ಆಮೇಲೆ ಗಂಡನ ಎದುರು ನೆಟ್ಟಗೆ ನಿಂತರು.

"ಎಲ್ಲಾ ಹೇಳಿದ್ರಾ? ಇನ್ನೇನಾದ್ರೂ ಉಳಿಸ್ಕೊಂಡಿದೀರಾ?"

ಮುರಿಗೆಪ್ಪನವರು ಕನ್ನಡಕ ಸರಿಮಾಡಿಕೊಂಡು, ಗಿರಾಕಿಯನ್ನು ನೋಡುವಷ್ಟು ಶ್ರದ್ಧೆಯಿಂದ ನೋಡಿದರು.

"ಈಗ ಅಳ್ತಾ ಇದೀಯ."

"ಅದು ನಂಗೂ ಗೊತ್ತಾಗುತ್ತೆ ರೀ" ಅಂದರು ಹೆಡ್‌ಮಿಸ್ಸು. "ಅದನ್ನ ಯಾರೂ ಹೇಳ್ಬೇಕಾಗಿಲ್ಲ."